ಹೊರದೇಶದಿಂದ ಅಗ್ಗದ ಲಿಪೋ ಬ್ಯಾಟರಿ ತರಿಸಬಹುದಾ?

ಧೂಳೆಬ್ಬಿಸುವವ:
ನನ್ನ ಆರ್‌ಸಿ (ರಿಮೋಟ್‌ನಿಂದ ಓಡಿಸೋ) ಕಾರಿಗೆ 2ಎಸ್, ಅಂದ್ರೆ ಎರಡು ಸೆಲ್ಲಿನ, 5000 ಎಂಎಎಚ್ ಲಿಪೋ (ಲಿಥಿಯಂ-ಪಾಲಿಮರ್ ಬ್ಯಾಟರಿ) ಬೇಕು. ಹೊರದೇಶದ ಒಂದು ಸೈಟಿನಲ್ಲಿ ಅರ್ಧ ಬೆಲೆಗೆ ಸಿಗುತ್ತಿದೆ, ಮೇಲೆ 100ಸಿ ಅಂತ ದಪ್ಪಕ್ಷರದಲ್ಲಿ ಬರೆದಿದ್ದಾರೆ. ತರಿಸಿದವರು ಯಾರಾದ್ರೂ ಇದ್ದೀರಾ? ಸುಮ್ನೆ ದುಡ್ಡು ಹಾಳಾಗಬಾರದು ಅಲ್ವಾ.

ಬೆಸುಗೆಕಡ್ಡಿ:
ಆ 100ಸಿ ನಂಬಬೇಡಿ. ಸಿ ಅಂದ್ರೆ ಬ್ಯಾಟರಿ ತನ್ನ ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟ್ ಕೊಡಬಲ್ಲದು ಅನ್ನೋ ಲೆಕ್ಕ. 5 ಆಂಪ್-ಅವರ್‌ಗೆ (5000 ಎಂಎಎಚ್) 100ಸಿ ಅಂದ್ರೆ 500 ಆಂಪ್. ನಿಜವಾಗಿ ಅಷ್ಟು ಕರೆಂಟ್ ಹರೀತಾ ಇದ್ದರೆ ಅದಕ್ಕೆ ಹಾಕಿರೋ ವೈರೇ ಮೊದಲು ಸುಟ್ಟುಹೋಗುತ್ತದೆ. ತೂಕ ಎಷ್ಟು ಅಂತ ನೋಡಿ. ಅದೇ ಅಳತೆಯ ಒಳ್ಳೇ ಪ್ಯಾಕಿಗಿಂತ ತುಂಬಾ ಹಗುರ ಇದ್ದರೆ 5000 ಅನ್ನೋದೂ ಅನುಮಾನವೇ.

ಹಳೇಚಕ್ರ:
ನಾನು ಎರಡು ತರಿಸಿದ್ದೆ. ಒಂದು ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ಇನ್ನೊಂದು ಬಂದಾಗಲೇ ಒಂದು ಸೆಲ್ 3.8 ವೋಲ್ಟ್, ಪಕ್ಕದ್ದು 3.1. ನಾಲ್ಕು ಸಲ ಚಾರ್ಜ್ ಮಾಡೋ ಹೊತ್ತಿಗೆ ದಿಂಬಿನ ಹಾಗೆ ಉಬ್ಬಿತು. ಮಾರಿದವರು ವಾಪಸ್ ಕಳಿಸಿ ಅಂದರು, ಉಬ್ಬಿದ ಲಿಪೋವನ್ನು ಯಾವ ಕೊರಿಯರ್‌ನವರು ಮುಟ್ಟುತ್ತಾರೆ ಹೇಳಿ! ಇನ್ನೊಂದು ಮಾತು, 2016ರ ಏಪ್ರಿಲ್‌ನಿಂದ ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು (ಲಿಪೋ ಕೂಡ ಇದೇ ಜಾತಿ) ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸೋ ಹಾಗಿಲ್ಲ. ಹಡಗಿನಲ್ಲಿ ಬಂದರೆ ವಾರಗಟ್ಟಲೆ ಕಾಯಬೇಕು.

ಧೂಳೆಬ್ಬಿಸುವವ:
ಅಯ್ಯೋ. ಆದರೂ ತರಿಸಿದೆ ಅಂದುಕೊಳ್ಳಿ, ಬಂದ ತಕ್ಷಣ ಏನು ನೋಡಲಿ?

ಬೆಸುಗೆಕಡ್ಡಿ:
ಎರಡೂ ಸೆಲ್ಲಿನ ವೋಲ್ಟೇಜ್ ಅಳೆಯಿರಿ. ಜಾಸ್ತಿ ವ್ಯತ್ಯಾಸ ಇದ್ದರೆ, ಇಲ್ಲಾ ಯಾವುದಾದರೂ 3ಕ್ಕಿಂತ ಕೆಳಗಿದ್ದರೆ ಚಾರ್ಜಿಗೆ ಹಾಕಲೇಬೇಡಿ. ಸರಿಯಿದ್ದರೆ ಬ್ಯಾಲೆನ್ಸ್ ಚಾರ್ಜ್ (ಎರಡೂ ಸೆಲ್ ಸಮವಾಗಿ ತುಂಬೋ ಹಾಗೆ) ಮಾಡಿ, 5 ಆಂಪ್ ದಾಟದ ಹಾಗೆ, ನೀವು ಪಕ್ಕದಲ್ಲೇ ಕೂತು.