ಫುಟ್‌ಪಾತ್ ಸೇರಿಸಿದರೂ ಗಾಲಿಕುರ್ಚಿಯ ದಾರಿ ಸುತ್ತು ಹೊಡೆಯುತ್ತಿದೆ

ಕಾಲ್ದಾರಿ:
ಎಲ್ಲರಿಗೂ ನಮಸ್ಕಾರ. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ಮೈಸೂರಿನ ನಮ್ಮ ಬಡಾವಣೆಯ ಮುಖ್ಯರಸ್ತೆಯ ಎರಡೂ ಬದಿಯ ಫುಟ್‌ಪಾತ್‌ಗಳನ್ನು ಪ್ರತ್ಯೇಕ ಗೆರೆಗಳಾಗಿ ಎಳೆದಿದ್ದೇವೆ. ಗೆರೆ ಏನೆಂದು ಹೇಳುವ ಹೈವೇ=ಫುಟ್‌ವೇ, ಫುಟ್‌ವೇ=ಸೈಡ್‌ವಾಕ್ ಟ್ಯಾಗ್‌ಗಳಿವೆ. ಆದರೂ ಈ ನಕ್ಷೆಯಿಂದ ದಾರಿ ತೋರಿಸುವ ಓಪನ್‌ರೂಟ್‌ಸರ್ವಿಸ್‌ನ ಗಾಲಿಕುರ್ಚಿ ಆಯ್ಕೆಯಲ್ಲಿ ಔಷಧಿ ಅಂಗಡಿಯಿಂದ ಎದುರಿನ ಬಸ್ ನಿಲ್ದಾಣಕ್ಕೆ ದಾರಿ ಕೇಳಿದರೆ ಮುಂದಿನ ವೃತ್ತದವರೆಗೂ ಹೋಗಿ ಬಳಸಿಕೊಂಡು ಬಾ ಎನ್ನುತ್ತದೆ. ಅಂಗಡಿಯ ಮುಂದೆಯೇ ಜೀಬ್ರಾ ಪಟ್ಟೆಯಿದೆ, ನಕ್ಷೆಯಲ್ಲೂ ಕಾಣುತ್ತದೆ. ಗಾಲಿಕುರ್ಚಿ ಬಳಸುವ ನೆರೆಯವರೊಬ್ಬರಿಗಾಗಿಯೇ ಈ ಕೆಲಸ ಹಿಡಿದದ್ದು. ತೊಡಕು ಎಲ್ಲಿದೆ?

ಮೂರುಹಾದಿ:
ಆ ಜೀಬ್ರಾ ಬಹುಶಃ ರಸ್ತೆಯ ಗೆರೆಯ ಮೇಲೆ ಬರಿಯ ಬಿಂದುವಾಗಿದೆ. ಫುಟ್‌ಪಾತ್‌ಗಳಿಗೂ ಅದಕ್ಕೂ ಸಂಬಂಧವೇ ಇಲ್ಲದಿದ್ದರೆ ದಾರಿ ಹುಡುಕುವ ತಂತ್ರಾಂಶಕ್ಕೆ ಎರಡು ಬದಿಯ ಫುಟ್‌ಪಾತ್‌ಗಳೂ ಸೇತುವೆಯಿಲ್ಲದ ಹೊಳೆಯ ಎರಡು ದಡಗಳು. ಈ ಬದಿಯ ಫುಟ್‌ಪಾತ್‌ನಿಂದ ಆ ಬದಿಯದಕ್ಕೆ ಅಡ್ಡಗೆರೆ ಎಳೆದು ಫುಟ್‌ವೇ=ಕ್ರಾಸಿಂಗ್ ಕೊಡಿ. ಗೆರೆ ರಸ್ತೆಯ ಮೇಲೆ ಸುಮ್ಮನೆ ಹಾದರೆ ಸಾಲದು. ಈಗಿರುವ ಜೀಬ್ರಾ ಬಿಂದುವೇ ರಸ್ತೆಗೂ ಅಡ್ಡಗೆರೆಗೂ ಸೇರಿದ ಬಿಂದುವಾಗಬೇಕು. ರಸ್ತೆಗೆ ಸೈಡ್‌ವಾಕ್=ಸೆಪರೇಟ್ (ಫುಟ್‌ಪಾತ್ ಬೇರೆ ಗೆರೆಯಾಗಿದೆ) ಎಂದು ಬರೆಯಿರಿ. ಜನರನ್ನು ಫುಟ್‌ಪಾತ್‌ಗೆ ಹತ್ತಿಸಲೆಂದು ರಸ್ತೆಗೆ ಫುಟ್=ನೋ ಹಾಕುವವರಿದ್ದಾರೆ; ದಯವಿಟ್ಟು ಬೇಡ. ಅದು ಕಾಲ್ನಡಿಗೆಗೆ ಕಾನೂನಿನ ನಿಷೇಧವಿರುವ ಕಡೆಗೆ ಮಾತ್ರ. ತಿದ್ದಿದ ಕೂಡಲೇ ಫಲ ಕಾಣದಿದ್ದರೆ ಗಾಬರಿಯಾಗಬೇಡಿ, ದಾರಿ ತೋರಿಸುವ ಸೇವೆಗಳು ಹೊಸ ದತ್ತಾಂಶವನ್ನು ತಡವಾಗಿ ಎತ್ತಿಕೊಳ್ಳುತ್ತವೆ.

ಕಾಲ್ದಾರಿ:
ಬೆಸೆದಾಯಿತು, ಈಗ ನೇರವಾಗಿ ದಾಟಿಸುತ್ತಿದೆ. ಆದರೆ ಇದೂ ಸುಳ್ಳು ದಾರಿ. ನಿಲ್ದಾಣದ ಕಡೆ ಫುಟ್‌ಪಾತ್ ಅಂಚಿನ ಕರ್ಬ್ ಕಲ್ಲು ಇಳಿಜಾರಿಲ್ಲದೆ 18 ಸೆಂ.ಮೀ. ಎತ್ತರ ನಿಂತಿದೆ. ಅದರಾಚೆ ಟ್ರಾನ್ಸ್‌ಫಾರ್ಮರ್ ಬೇಲಿಗೂ ಕಾಂಪೌಂಡ್ ಗೋಡೆಗೂ ನಡುವೆ ಉಳಿದಿರುವುದು 60 ಸೆಂ.ಮೀ. ಮಾತ್ರ.

ಚಪ್ಪಡಿಕಲ್ಲು:
ಅಳತೆಪಟ್ಟಿ ಹಿಡಿದು ಹೋದದ್ದು ತುಂಬ ಒಳ್ಳೆಯದಾಯಿತು, ಉಪಗ್ರಹ ಚಿತ್ರದಲ್ಲಿ ಇವೆರಡೂ ಕಾಣುವುದಿಲ್ಲ. ಅಡ್ಡಗೆರೆಯ ಮೇಲೆ, ಕಲ್ಲು ಇರುವ ಜಾಗದಲ್ಲೇ ಒಂದು ಬಿಂದು ಇಟ್ಟು ಕರ್ಬ್=ರೈಸ್ಡ್ ಹಾಕಿ, ಎತ್ತರವನ್ನೂ ಕೊಡಿ. ಔಷಧಿ ಅಂಗಡಿಯ ಕಡೆ ಇಳಿಜಾರಿದ್ದರೆ ಅಲ್ಲಿ ಕರ್ಬ್=ಲೋವರ್ಡ್. ಎರಡು ಬದಿಗೂ ಬೇರೆ ಬೇರೆ ಬಿಂದು ಬೇಕೇ ಬೇಕು. ಟ್ರಾನ್ಸ್‌ಫಾರ್ಮರ್ ಇರುವಷ್ಟು ಉದ್ದಕ್ಕೆ ಫುಟ್‌ಪಾತ್ ಗೆರೆಯನ್ನು ತುಂಡರಿಸಿ, ಆ ತುಂಡಿಗೆ ಮಾತ್ರ ವಿಡ್ತ್=0.6 (ಮೀಟರ್‌ನಲ್ಲಿ ಅಗಲ) ಕೊಡಿ. ಇಡೀ ಫುಟ್‌ಪಾತ್‌ಗೆ ಸರಾಸರಿ ಅಗಲ ಬರೆದರೆ ಈ ಇಕ್ಕಟ್ಟು ಅದರಲ್ಲಿ ಮುಚ್ಚಿಹೋಗುತ್ತದೆ. ಮನೆಗಳ ಗೇಟಿನ ಮುಂದೆ ಕಾರು ಹತ್ತಿಸಲು ಕಟ್ಟಿದ ಸಿಮೆಂಟ್ ಇಳಿಜಾರುಗಳನ್ನೂ ನೋಡಿ. ನಡೆಯುವವರಿಗೆ ಅವು ಪಕ್ಕಕ್ಕೆ ವಾಲಿದ ನೆಲ, ಗಾಲಿ ರಸ್ತೆಯ ಕಡೆಗೆ ಜಾರುತ್ತದೆ.

ಕಾಲ್ದಾರಿ:
ಎಲ್ಲ ಸೇರಿಸಿದೆ. ಕನಿಷ್ಠ ಅಗಲವನ್ನೂ ಕರ್ಬ್ ಎತ್ತರದ ಮಿತಿಯನ್ನೂ ಆಯ್ದು ಕೇಳಿದರೆ ಈ ಕಡೆಯಿಂದ ನಿಲ್ದಾಣಕ್ಕೆ ದಾರಿ ಸಿಗುತ್ತಿಲ್ಲ. ಅಗಲವನ್ನು ತೆಗೆದುಬಿಡಲೇ?

ಚಪ್ಪಡಿಕಲ್ಲು:
ತೆಗೆಯಬೇಡಿ. ನೆಲದಲ್ಲಿ ಇಲ್ಲದ ದಾರಿಯನ್ನು ನಕ್ಷೆ ತೋರಿಸಿದರೆ ನಿಮ್ಮ ನೆರೆಯವರು ಆ ಕಲ್ಲಿನ ಕೆಳಗೆ, ವಾಹನಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ಅಳತೆಗಳನ್ನೂ ಫೋಟೋಗಳನ್ನೂ ಸೇರಿಸಿ ಪಾಲಿಕೆಗೆ ಅರ್ಜಿ ಕೊಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಐಆರ್‌ಸಿ 103 ಮಾರ್ಗಸೂಚಿ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲ ಕೇಳಿತ್ತು, ಕರ್ಬ್ 150 ಮಿ.ಮೀ. ಮೀರಬಾರದು ಎಂದಿತ್ತು. ಈಗಿನ ಆವೃತ್ತಿ ನೋಡಿಕೊಂಡು ಎರಡನ್ನೂ ಅರ್ಜಿಯಲ್ಲಿ ಕಾಣಿಸಿ. ಕಲ್ಲು ತಗ್ಗಿಸಿದ ದಿನ ಟ್ಯಾಗ್ ಬದಲಿಸಿದರಾಯಿತು.