ಶಾಪಿಂಗ್ ಕಾಂಪ್ಲೆಕ್ಸ್ ಪಾರ್ಕಿಂಗ್ ರೊಕ್ಕ: ಚೀಟಿ ಕೊಡಂಗಿಲ್ಲ, ಟೋಕನ್ ಕಳದ್ರ 300 ರೂಪಾಯಿ. ಯಾರನ್ನ ಕೇಳಬೇಕು? (ಬೆಳಗಾವಿ)

ಟಿಳಕವಾಡಿ ಗ್ರಾಹಕ

ನಮಸ್ಕಾರ್ರೀ ಎಲ್ಲಾರಿಗೂ. ಊರೊಳಗಿನ ಒಂದು ಶಾಪಿಂಗ್ ಕಾಂಪ್ಲೆಕ್ಸ್, ಹೆಸರು ಬ್ಯಾಡ. ಕೆಳಗ ಬೇಸ್‌ಮೆಂಟ್ ಪಾರ್ಕಿಂಗ್ ಐತಿ. ಎರಡು ತಾಸಿಗೆ ಬೈಕಿಗೆ 20, ಕಾರಿಗೆ 40 ರೂಪಾಯಿ. ಐದು ನಿಮಿಷ ಹೆಚ್ಚಾದ್ರೂ ಮುಂದಿನ ತಾಸಿನ ರೊಕ್ಕ ಪೂರಾ ಹಿಡಿತಾರ. ಒಳಗ ಹೋಗುವಾಗ ಪ್ಲಾಸ್ಟಿಕ್ ಟೋಕನ್, ಹೊರಗ ಬರುವಾಗ ಅದನ್ನ ಇಸ್ಕೊಂಡು ರೊಕ್ಕ. ಚೀಟಿ ಕೇಳಿದ್ರ ‘ಮಷಿನ್ ಬಂದ್ ಐತಿ’ ಅನ್ನೋ ಒಂದ ಮಾತು. ಟೋಕನ್ ಮ್ಯಾಲೆ ‘ವಾಹನಕ್ಕೆ ಮಾಲೀಕರೇ ಹೊಣೆ, ಟೋಕನ್ ಕಳೆದರೆ ರೂ. 300’ ಅಂತ ಅಚ್ಚಾಗೇತಿ.

ಬೇಸ್‌ಮೆಂಟಿನ ಅರ್ಧ ಭಾಗ ಅಂಗಡಿಯವರ ಗೋಡೌನ್ ಆಗೇತಿ. ಜಾಗಾ ತುಂಬಿದ್ರ ‘ಮುಂದ ರಸ್ತಾದ ಬದಿಗೆ ಹಚ್ಚ್ರಿ’ ಅಂತಾರ, ಅಲ್ಲೂ ಅದ ಸೆಕ್ಯುರಿಟಿಯವ ಬಂದು 20 ರೂಪಾಯಿ ತಗೋತಾನ.

ಮಾಲ್‌ನವರು ಪಾರ್ಕಿಂಗ್ ರೊಕ್ಕ ತಗೊಳ್ಳುವಂಗ ಇಲ್ಲ, ಕೋರ್ಟ್ ಹೇಳೇತಿ ಅಂತ ವಾಟ್ಸಾಪ್‌ದಾಗ ಓಡಾಡ್ತದ. ಅದು ನಮಗೂ ಲಾಗೂ ಆಕ್ಕೈತೇನು? ಗೇಟಿನಾಗ ‘ಕೊಡಂಗಿಲ್ಲ’ ಅಂದ್ರ ಏನಾಕ್ಕೈತಿ? ಬರೇ 20 ರೂಪಾಯಿ ಸಲುವಾಗಿ ವಕೀಲರನ್ನ ಹಿಡಿಬೇಕೇನು? ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಗ್ರಾಹಕ ದೂರು ಬರೆಯುವವ, ಬೆಳಗಾವಿ

ಆ ಫಾರ್ವರ್ಡ್ ಮೊದಲು ಪಕ್ಕಕ್ಕಿಡಿ. ಮಾಲ್‌ಗಳು ಪಾರ್ಕಿಂಗ್ ಶುಲ್ಕ ವಸೂಲಿ ಮಾಡುವಂತಿಲ್ಲ ಎಂದು ಗುಜರಾತ್ ಹೈಕೋರ್ಟ್ 2019ರಲ್ಲಿ ಹೇಳಿದ್ದು ನಿಜ. ಆದರೆ ಅಲ್ಲಿನ ಕಟ್ಟಡ ನಿಯಮ ಇಟ್ಟುಕೊಂಡು ಹೇಳಿದ್ದು. ತೆಲಂಗಾಣ ಸರ್ಕಾರ 2018ರ ಮಾರ್ಚ್‌ನಲ್ಲಿ ಆದೇಶವನ್ನೇ ಹೊರಡಿಸಿದೆ: ಮೊದಲ 30 ನಿಮಿಷ ಎಲ್ಲರಿಗೂ ಪುಕ್ಕಟೆ, ಒಂದು ತಾಸಿನೊಳಗೆ ಯಾವುದೇ ಖರೀದಿಯ ಬಿಲ್ ತೋರಿಸಿದರೆ ಪುಕ್ಕಟೆ, ತಾಸು ಮೀರಿದರೆ ಬಿಲ್ ಮೊತ್ತ ಪಾರ್ಕಿಂಗ್ ಶುಲ್ಕಕ್ಕಿಂತ ಹೆಚ್ಚಿರಬೇಕು. ಒಳ್ಳೆಯ ಆದೇಶ, ಆದರೆ ಆ ರಾಜ್ಯದ ಗಡಿ ದಾಟುವುದಿಲ್ಲ. ಬೆಳಗಾವಿಯಲ್ಲಿ ನೀವು ಹಿಡಿಯಬೇಕಾದ ಎಳೆ ಎರಡು: ರಸೀದಿ, ಮತ್ತು ಆ ಕಟ್ಟಡದ ಮಂಜೂರಾದ ನಕ್ಷೆ. ನಕ್ಷೆಯ ವಿಷಯ ಬಲ್ಲವರು ಇಲ್ಲಿದ್ದಾರೆ, ನಾನು ರಸೀದಿಯದು ಹೇಳುತ್ತೇನೆ.

ಗೇಟಿನಲ್ಲಿ ರೊಕ್ಕ ಕೊಡಲ್ಲ ಎಂದು ನಿಲ್ಲಬೇಡಿ. ಹಿಂದೆ ಹತ್ತು ಗಾಡಿ ಹಾರ್ನ್ ಹೊಡೆಯುತ್ತವೆ, ಎದುರಿಗಿರುವ ಹುಡುಗ ದಿನಗೂಲಿಯವ, ದರ ಇಟ್ಟವನು ಅವನಲ್ಲ. ಕೊಡಿ, ಆದರೆ ಯುಪಿಐಯಲ್ಲೇ ಕೊಡಿ. ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಬರುವ ಹೆಸರು ನೋಡಿ: ಕಾಂಪ್ಲೆಕ್ಸ್‌ನದೋ, ಪಾರ್ಕಿಂಗ್ ಗುತ್ತಿಗೆದಾರನ ಸಂಸ್ಥೆಯದೋ, ಅಥವಾ ಯಾರೋ ಒಬ್ಬ ವ್ಯಕ್ತಿಯ ಖಾಸಗಿ ಖಾತೆಯೋ. ಆ ಸ್ಕ್ರೀನ್‌ಶಾಟ್‌ನಲ್ಲಿ ತಾರೀಖು, ವೇಳೆ, 12 ಅಂಕಿಯ ಯುಟಿಆರ್ (ಆ ಪಾವತಿಯ ಗುರುತಿನ) ಸಂಖ್ಯೆ ಇರುತ್ತದೆ. ಎದುರುದಾರ ಯಾರು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಆಮೇಲೆ ಚೀಟಿ ಕೇಳಿ. ಜಿಎಸ್‌ಟಿ ನಿಯಮದಲ್ಲಿ 200 ರೂಪಾಯಿಗಿಂತ ಕಡಿಮೆ ವ್ಯವಹಾರಕ್ಕೆ ಬಿಲ್ ಕೊಡದಿದ್ದರೂ ನಡೆಯುತ್ತದೆ ಎಂದು ಅವರು ವಾದಿಸಬಹುದು. ಆ ವಿನಾಯಿತಿ ಗ್ರಾಹಕ ಕೇಳದಿದ್ದಾಗ ಮಾತ್ರ. ಕೇಳಿದ ಮೇಲೆ ನೋಂದಾಯಿತ ವ್ಯಾಪಾರಿ ಕೊಡಲೇಬೇಕು. ಅದಲ್ಲದೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕಲಂ 2(47)ರ ಪ್ರಕಾರ ಸೇವೆ ಕೊಟ್ಟು ರಸೀದಿ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಶುಲ್ಕ ಸರಿಯೋ ತಪ್ಪೋ ಎಂಬ ವಾದಕ್ಕೆ ಹೋಗದೆಯೂ ಈ ಒಂದು ಅಂಶದ ಮೇಲೆ ದೂರು ನಿಲ್ಲುತ್ತದೆ.

ಚೀಟಿ ಕೊಟ್ಟರೆ ಓದಿ. ಪಾರ್ಕಿಂಗ್ ಸೇವೆಗೆ ಜಿಎಸ್‌ಟಿ ಶೇ. 18. ತೆರಿಗೆ ಸೇರಿ 20 ರೂಪಾಯಿ ಅಂದರೆ ಮೂಲ ದರ ಸುಮಾರು 16.95, ಕೇಂದ್ರ ಮತ್ತು ರಾಜ್ಯದ ಪಾಲು ತಲಾ 1.53ರ ಹತ್ತಿರ. ತೆರಿಗೆ ತೋರಿಸಿದ್ದರೆ 15 ಅಕ್ಷರದ ಜಿಎಸ್‌ಟಿ ಸಂಖ್ಯೆ ಇರಲೇಬೇಕು, ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಲಾಗಿನ್ ಇಲ್ಲದೆಯೇ ಕಾಣುತ್ತದೆ. ರದ್ದಾದ ಸಂಖ್ಯೆ ಮೇಲೆ ತೆರಿಗೆ ವಸೂಲಿ ಮಾಡುತ್ತಿದ್ದರೆ ಅದು ಪಾರ್ಕಿಂಗ್ ತಕರಾರಿಗಿಂತ ದೊಡ್ಡ ವಿಷಯ.

ನಕ್ಷೆ ಪರವಾನಗಿ

ಬೇಸ್‌ಮೆಂಟ್ ಗೋಡೌನ್ ಆಗಿದೆ ಎಂದಿರಲ್ಲ, ನನ್ನ ಪ್ರಕಾರ ನಿಮ್ಮ ಕೈಯಲ್ಲಿರುವ ಗಟ್ಟಿ ಅಸ್ತ್ರ ಅದೇ. ವಾಣಿಜ್ಯ ಕಟ್ಟಡಕ್ಕೆ ಪರವಾನಗಿ ಕೊಡುವಾಗ ಇಷ್ಟು ವಿಸ್ತೀರ್ಣಕ್ಕೆ ಇಷ್ಟು ಪಾರ್ಕಿಂಗ್ ಎಂದು ತೋರಿಸಬೇಕು. ಪಾರ್ಕಿಂಗ್‌ಗೆ ಬಿಟ್ಟ ಬೇಸ್‌ಮೆಂಟನ್ನು ಎಫ್‌ಎಆರ್ (ನಿವೇಶನದ ಅಳತೆಗೆ ತಕ್ಕಂತೆ ಒಟ್ಟು ಎಷ್ಟು ಕಟ್ಟಬಹುದು ಎಂಬ ಮಿತಿ) ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಆ ಜಾಗ ಪಾರ್ಕಿಂಗ್ ಎಂದು ತೋರಿಸಿದ್ದಕ್ಕೇ ಮೇಲೆ ಅಷ್ಟು ಅಂಗಡಿ ಕಟ್ಟಲು ಅವಕಾಶ ಸಿಕ್ಕಿದೆ. ಅದನ್ನೇ ಗೋಡೌನ್ ಮಾಡಿ ಬಾಡಿಗೆ ಎತ್ತುವುದು, ಉಳಿದ ಅರ್ಧಕ್ಕೆ ಜನರಿಂದ ರೊಕ್ಕ ತೆಗೆದುಕೊಳ್ಳುವುದು, ತುಂಬಿತೆಂದು ಗಾಡಿಗಳನ್ನು ರಸ್ತೆಗೆ ದೂಡುವುದು, ಇದು ಊರಿಗೇ ಮಾಡುವ ಅನ್ಯಾಯ.

ದಾಖಲೆ ತೆಗೆಸುವ ದಾರಿ ಮಾಹಿತಿ ಹಕ್ಕು. ಕಾಂಪ್ಲೆಕ್ಸ್ ಪಾಲಿಕೆ ಹದ್ದಿನಲ್ಲಿದ್ದರೆ ಬೆಳಗಾವಿ ಮಹಾನಗರ ಪಾಲಿಕೆಯ ನಗರ ಯೋಜನಾ ವಿಭಾಗದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ನಮೂನೆ ‘ಎ’ಯಲ್ಲಿ ಅರ್ಜಿ, ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಕ್ಯಾಂಪ್ ಭಾಗವಾದರೆ ಕಡತ ಕಂಟೋನ್ಮೆಂಟ್ ಬೋರ್ಡ್‌ನಲ್ಲಿ; ಅದು ಕೇಂದ್ರದ ಸಂಸ್ಥೆ, ಕೇಂದ್ರದ ಆನ್‌ಲೈನ್ ಪೋರ್ಟಲ್‌ನಲ್ಲಿ ಹಾಕಬಹುದು. ತಪ್ಪು ಕಚೇರಿಗೆ ಹಾಕಿದರೂ ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕೆಂದು ಕಾಯ್ದೆ ಹೇಳುತ್ತದೆ, ಆದರೂ ಮೊದಲೇ ನೋಡಿ ಹಾಕುವುದು ಲೇಸು.

ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಜನ ಎರಡು ಪುಟ ಕಥೆ ಬರೆಯುತ್ತಾರೆ. ಇನ್ನೊಂದು, ‘ಶುಲ್ಕ ಯಾಕೆ ವಸೂಲಿ ಮಾಡುತ್ತಿದ್ದಾರೆ?’ ಎಂದು ಕೇಳುತ್ತಾರೆ. ಯಾಕೆ ಎಂಬುದಕ್ಕೆ ಕಚೇರಿ ಉತ್ತರ ಕೊಡಬೇಕಾಗಿಲ್ಲ, ಇರುವ ಕಾಗದ ಕೊಡಬೇಕು. ಹೀಗೆ ಬರೆಯಿರಿ: ‘ಸಿಟಿಎಸ್ ಸಂಖ್ಯೆ ಇಂತಿಷ್ಟರ ಕಟ್ಟಡದ ಮಂಜೂರಾದ ನಕ್ಷೆಯ ಬೇಸ್‌ಮೆಂಟ್ ಹಾಳೆಯ ಪ್ರತಿ, ಸ್ವಾಧೀನಾನುಭವ ಪತ್ರದ ಪ್ರತಿ, ಪಾರ್ಕಿಂಗ್ ಶುಲ್ಕ ವಸೂಲಿಗೆ ಅನುಮತಿ ನೀಡಿದ್ದರೆ ಆ ಆದೇಶದ ಪ್ರತಿ.’ ಸಿಟಿಎಸ್ ಸಂಖ್ಯೆ, ಅಂದರೆ ಆ ಜಾಗದ ಸಿಟಿ ಸರ್ವೆ ಸಂಖ್ಯೆ, ತಪ್ಪದೆ ಹಾಕಿ, ಬರೀ ಹೆಸರು ಹಾಕಿದರೆ ‘ಕಡತ ಲಭ್ಯವಿಲ್ಲ’ ಎಂದು ಬರುತ್ತದೆ. ಮೂರನೇ ವ್ಯಕ್ತಿಯ ಮಾಹಿತಿ ಎಂದು ತಕರಾರು ತೆಗೆದರೆ ಕಡತ ಪರಿಶೀಲನೆಗೆ ಅವಕಾಶ ಕೇಳಿ, ಮೊದಲ ತಾಸಿಗೆ ಶುಲ್ಕವಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಎರಡನೇ ಮೇಲ್ಮನವಿಗೆ ಬೆಂಗಳೂರಿಗೆ ಓಡಾಡಬೇಕಿಲ್ಲ, ಮಾಹಿತಿ ಆಯೋಗದ ಪೀಠ ಬೆಳಗಾವಿಯಲ್ಲೇ ಇದೆ.

ನಕ್ಷೆಯಲ್ಲಿ ಪಾರ್ಕಿಂಗ್, ಸ್ಥಳದಲ್ಲಿ ಗೋಡೌನ್ ಎಂದಾದರೆ ಎರಡನ್ನೂ ಜೋಡಿಸಿ, ಫೋಟೊ ಸಮೇತ ಪಾಲಿಕೆ ಆಯುಕ್ತರಿಗೆ ಲಿಖಿತ ದೂರು ಕೊಟ್ಟು ಆವಕ ವಿಭಾಗದಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಕ್ಷೆ ಉಲ್ಲಂಘನೆ ಮೇಲೆ ಕ್ರಮ ಜರುಗಿಸುವ ಅಧಿಕಾರ ಮಹಾನಗರ ಪಾಲಿಕೆಗಳ ಕಾಯ್ದೆ 1976ರ ಕಲಂ 321ರಲ್ಲಿ ಆಯುಕ್ತರಿಗಿದೆ.

ರಸ್ತೆ ಬದಿಯ 20 ರೂಪಾಯಿ ಪೂರ್ತಿ ಬೇರೆ ವಿಷಯ. ಸಾರ್ವಜನಿಕ ರಸ್ತೆಯಲ್ಲಿ ಪಾಲಿಕೆ ಟೆಂಡರ್ ಕರೆದು ಕಾರ್ಯಾದೇಶ ಕೊಟ್ಟವನಿಗೆ ಮಾತ್ರ ವಸೂಲಿ ಹಕ್ಕು. ಕಾಂಪ್ಲೆಕ್ಸಿನ ಸೆಕ್ಯುರಿಟಿಯವನಿಗೆ ಅಲ್ಲಿ ಒಂದು ಪೈಸೆ ಕೇಳುವ ಹಕ್ಕೂ ಇಲ್ಲ. ಅಲ್ಲಿ ಮಾತ್ರ ರೊಕ್ಕ ಕೊಡಬೇಡಿ, ಟೆಂಡರ್ ಪ್ರತಿ ಕೇಳಿ. ಒತ್ತಾಯ ಮಾಡಿದರೆ 112.

ಗೇಟ್ ಮಷಿನ್

ವಸೂಲಿ ನಡೆಯುವ ರೀತಿ ಗೊತ್ತಿದ್ದರೆ ಎಲ್ಲಿ ಹಿಡಿಯಬೇಕು ಅನ್ನೋದು ತಿಳೀತದ. ಬಹಳ ಕಡೆ ಕಟ್ಟಡದ ಮಾಲೀಕ ಪಾರ್ಕಿಂಗನ್ನ ತಿಂಗಳಿಗಿಷ್ಟು ಅಂತ ಗುತ್ತಿಗೆ ಕೊಟ್ಟುಬಿಡ್ತಾನ. ಕೈಮಷಿನ್ ಇದ್ದ ಕಡೆ ಒಳಬರುವಾಗಲೇ ಗಾಡಿ ನಂಬರ್ ಹಾಕಿ ಚೀಟಿ ತೆಗೀತಾರ, ಲೆಕ್ಕ ಸರ್ವರ್‌ಗೆ ಹೋಗ್ತದ. ಪ್ಲಾಸ್ಟಿಕ್ ಟೋಕನ್ ಪದ್ಧತಿಯೊಳಗ ಲೆಕ್ಕಾನ ಇಲ್ಲ, ವೇಳೆಯ ದಾಖಲೆನೂ ಇಲ್ಲ. ಎರಡು ತಾಸು ಮೀರಿತು ಅಂತ ಅವರು ಯಾವ ಆಧಾರದ ಮ್ಯಾಲೆ ಹೇಳ್ತಾರ? ಇದನ್ನ ದೂರಿನೊಳಗ ಬರೀರಿ. ನಿಮ್ಮ ಕಡೆಯಿಂದ ಆಧಾರ ಬೇಕಂದ್ರ, ಒಳಗ ಹೋದ ಕೂಡ್ಲೇ ಟೋಕನ್ನಿನ ಎರಡೂ ಬದಿ ಮತ್ತ ದರದ ಬೋರ್ಡಿನ ಫೋಟೊ ತೆಗೀರಿ. ಫೋಟೊದಾಗ ವೇಳೆ ತಾನಾಗೇ ದಾಖಲಾಗಿರ್ತದ.

ಮಷಿನ್ ಇದ್ದಲ್ಲೂ ಒಂದು ಲೋಪ ಆಗ್ತದ: ಒಳಗೇಟು, ಹೊರಗೇಟಿನ ಮಷಿನ್‌ಗಳ ಗಡಿಯಾರ ಹೊಂದಿರಂಗಿಲ್ಲ. ಆರೇಳು ನಿಮಿಷ ಫರಕು ಬಂದ್ರ ಸಾಕು, ಮುಂದಿನ ಸ್ಲ್ಯಾಬ್ ಬೀಳ್ತದ. ಸಂಜಿಮುಂದ ಹೊರಗೇಟಿನ ಸಾಲಿನಾಗ ನಿಂತ ಹತ್ತು ನಿಮಿಷನೂ ನಿಮ್ಮ ಲೆಕ್ಕಕ್ಕ. ಚೀಟಿ ಮ್ಯಾಲಿನ ವೇಳೆನ ಮೊಬೈಲ್ ವೇಳೆಗೆ ಅಲ್ಲೇ ತಾಳೆ ನೋಡ್ರಿ. ಫರಕು ತೋರಿಸಿದ್ರ ಸೂಪರ್‌ವೈಸರ್ ಹಿಂದಿನ ಸ್ಲ್ಯಾಬಿಗೆ ಇಳಿಸಬಹುದು, ಗೇಟಿನ ಹುಡುಗಗ ಆ ಅಧಿಕಾರ ಇರಂಗಿಲ್ಲ. ಅದಕ್ಕ ಸೂಪರ್‌ವೈಸರ್‌ನ್ನ ಕರೆಸ್ರಿ.

ಟೋಕನ್ ಕಳದ್ರ ಆರ್‌ಸಿ ತೋರಿಸ್ರಿ, ಡಿಜಿಲಾಕರ್‌ದಾಗಿಂದ ತೋರಿಸಿದ್ರೂ ನಡೀತದ. ರಜಿಸ್ಟರ್‌ದಾಗ ಹೆಸರು, ಗಾಡಿ ನಂಬರ್ ಬರೆದು ಸಹಿ ಮಾಡ್ರಿ. ಅಸಲಿ ಲೈಸನ್ಸ್ ಮಾತ್ರ ಅವರ ಕೈಯಾಗ ಬಿಟ್ಟು ಬರಬ್ಯಾಡ್ರಿ, ಅದನ್ನ ಒತ್ತೆ ಇಟ್ಕೊಳ್ಳೋ ಹಕ್ಕು ಅವರಿಗಿಲ್ಲ. ಟೋಕನ್ ಮಾಡಿಸಲಿಕ್ಕೆ ಎಷ್ಟು ಬೀಳ್ತದ? ಅಷ್ಟು, ಮ್ಯಾಲೆ ಪಾರ್ಕಿಂಗ್ ದರ, ಇಷ್ಟು ನ್ಯಾಯ. ನಷ್ಟಕ್ಕೆ ತಕ್ಕ ಪರಿಹಾರ ಕೇಳಬಹುದೇ ಹೊರತು ಮನಸಿಗೆ ಬಂದ ದಂಡ ಹಾಕೋಹಂಗಿಲ್ಲ ಅನ್ನೋದು ಕರಾರು ಕಾಯ್ದೆಯ ಕಲಂ 74ರ ತಿರುಳು. ಕಟ್ಟಲೇಬೇಕಾಗಿ ಬಂದ್ರ ‘ಟೋಕನ್ ಕಳೆದದ್ದಕ್ಕೆ 300 ರೂ.’ ಅಂತ ಬರೆಸಿಕೊಂಡೇ ಕಟ್ಟ್ರಿ.

ವಿಜಯಪುರದ ಅಕ್ಕ

‘ಮಾಲೀಕರೇ ಹೊಣೆ’ ಅನ್ನೋ ಸಾಲಿನ ಬಗ್ಗೆ ಯಾರೂ ಹೇಳಲಿಲ್ಲ. ಆ ಸಾಲು ಅಚ್ಚಾಗಿದ್ದ ಮಾತ್ರಕ್ಕೆ ಅವರು ಪಾರಾಗೋದಿಲ್ಲ. ದೆಹಲಿಯ ಹೋಟೆಲೊಂದರ ವ್ಯಾಲೆ ಪಾರ್ಕಿಂಗ್‌ನಿಂದ ಕಾರು ಕಳುವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ಇದನ್ನ ಸ್ಪಷ್ಟ ಮಾಡಿದೆ: ಕೀಲಿ ಒಪ್ಪಿಸಿಕೊಂಡ ಮೇಲೆ ಸಾಮಾನ್ಯ ಎಚ್ಚರಿಕೆ ವಹಿಸಿದ್ದೆವು ಅಂತ ತೋರಿಸೋ ಭಾರ ಒಪ್ಪಿಸಿಕೊಂಡವರದ್ದು. ಕೀಲಿ ನಿಮ್ಮ ಕೈಲೇ ಇದ್ದು ನೀವೇ ನಿಲ್ಲಿಸಿದ ಗಾಡಿಗೆ ಆ ತೀರ್ಪು ನೇರವಾಗಿ ಅನ್ವಯಿಸೋದಿಲ್ಲ. ಆದರೆ ರೊಕ್ಕ ತಗೊಂಡು, ಟೋಕನ್ ವಾಪಸ್ ಕೊಟ್ಟರೆ ಮಾತ್ರ ಗಾಡಿ ಹೊರಗೆ ಬಿಡೋ ಪದ್ಧತಿ ಇದ್ದಲ್ಲಿ, ಕಾಯೋ ಹೊಣೆ ಹೊತ್ತಿದ್ದರು ಅನ್ನೋ ವಾದಕ್ಕೆ ಬಲ ಇದೆ.

ಗಾಡಿ ಕಳುವಾದರೆ ಅವತ್ತೇ ಎಫ್‌ಐಆರ್, ಅವತ್ತೇ ವಿಮಾ ಕಂಪನಿಗೆ ಸುದ್ದಿ, ಅವತ್ತೇ ಕಾಂಪ್ಲೆಕ್ಸ್‌ನವರಿಗೆ ಸಿಸಿಟಿವಿ ದೃಶ್ಯ ಕಾದಿಡಿ ಅಂತ ಲಿಖಿತ ಪತ್ರ. ಜನಸಂದಣಿಯ ಜಾಗಗಳಲ್ಲಿ 30 ದಿನದ ದೃಶ್ಯ ಇಟ್ಟಿರಬೇಕು ಅಂತ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳ್ತದೆ. ಅದು ಮೀರಿದರೆ ಹಳೆಯದರ ಮೇಲೆ ಹೊಸದು ಬಂದು ಕೂತಿರ್ತದೆ. ಹೆಲ್ಮೆಟ್ ಕನ್ನಡಿಗೆ ಸಿಕ್ಕಿಸಿ ಹೋಗಬೇಡಿ. ಒಪ್ಪಿಸಿ, ಅದಕ್ಕೆ ಬೇರೆ ಟೋಕನ್ ತಗೊಳ್ಳಿ.

ಟಿಳಕವಾಡಿ ಗ್ರಾಹಕ

ಭಾಳ ಉಪಕಾರ ಆತ್ರೀ ಎಲ್ಲಾರಿಂದ. ಇನ್ನ ದೂರು ಹಾಕೋ ಕ್ರಮ ಒಂದು ಹೇಳಿಬಿಡ್ರಿ. ಬಾಗಲಕೋಟಿ ನವನಗರದಾಗ ನಮ್ಮ ತಮ್ಮ ಇರ್ತಾನ, ಅವನೂ ಇಂಥದ್ದ ಕೇಳಾಕತ್ತಾನ.

ಗ್ರಾಹಕ ದೂರು ಬರೆಯುವವ, ಬೆಳಗಾವಿ

ಮೊದಲು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ದೊಡ್ಡ ಕಂಪನಿ ನಡೆಸುವ ಪಾರ್ಕಿಂಗ್ ಆದರೆ ಇಲ್ಲೇ ಬಗೆಹರಿಯುವುದುಂಟು. ಇಮೇಲ್ ಕೂಡ ಇಲ್ಲದ ಸಣ್ಣ ಗುತ್ತಿಗೆದಾರನಾದರೆ ಇದರಿಂದ ಹೆಚ್ಚೇನೂ ಆಗದು, ಮುಂದಕ್ಕೆ ಹೋಗಬೇಕು.

ಕಾಂಪ್ಲೆಕ್ಸ್ ಮಾಲೀಕ ಮತ್ತು ಗುತ್ತಿಗೆದಾರ ಇಬ್ಬರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, 15 ದಿನ ಕೊಡಿ. ಕಾಯ್ದೆಯಲ್ಲಿ ನೋಟಿಸ್ ಕಡ್ಡಾಯವಲ್ಲ, ಆದರೆ ‘ನಮಗೆ ತಿಳಿಸಲೇ ಇಲ್ಲ’ ಎಂಬ ಮಾತಿಗೆ ಬಾಗಿಲು ಹಾಕಿದಂತೆ. ಇಬ್ಬರನ್ನೂ ಎದುರುದಾರರನ್ನಾಗಿ ಮಾಡದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಈ ವರ್ಗದ ದೂರುಗಳು ಸೋರಿಹೋಗುವುದು ಅಲ್ಲೇ.

ಆಮೇಲೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಇ-ಜಾಗೃತಿ ಪೋರ್ಟಲ್‌ನಲ್ಲೂ ಹಾಕಬಹುದು. ಬೇಕಾದದ್ದು ದೂರು, ಪ್ರಮಾಣಪತ್ರ (ಅಫಿಡವಿಟ್), ದಾಖಲೆಗಳ ಪಟ್ಟಿ, ಫೋಟೊ, ಯುಪಿಐ ವಿವರ, ನೋಟಿಸ್ ಮತ್ತು ಅಂಚೆ ರಸೀದಿ. ಘಟನೆ ನಡೆದ ಎರಡು ವರ್ಷದೊಳಗೆ ಹಾಕಬೇಕು. ಬರೆಯುವಾಗ ‘ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ’ ಎಂದೇ ಬರೆಯಿರಿ. ‘ಅನುಚಿತ ಕರಾರು’ ಎಂದು ಬರೆದರೆ ಅದು ರಾಜ್ಯ ಆಯೋಗದ ವ್ಯಾಪ್ತಿ, ಜಿಲ್ಲಾ ಆಯೋಗದಲ್ಲಿ ಆಕ್ಷೇಪಣೆ ಬರುತ್ತದೆ. 20 ರೂಪಾಯಿ ವಾಪಸ್ ಕೇಳುವುದಕ್ಕಷ್ಟೇ ನಿಲ್ಲಿಸಬೇಡಿ. ಮುಂದೆ ಎಲ್ಲರಿಗೂ ರಸೀದಿ ಕೊಡಬೇಕು, ದರದ ಬೋರ್ಡ್ ಹಾಕಬೇಕು ಎಂಬ ನಿರ್ದೇಶನವನ್ನೂ ಕೇಳಿ.

ಚೀಟಿ ಸಿಕ್ಕಿದ್ದರೆ ಅದೇ ದಿನ ಜೆರಾಕ್ಸ್ ಮಾಡಿಸಿ. ಥರ್ಮಲ್ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ವಿಚಾರಣೆ ಹೊತ್ತಿಗೆ ಬಿಳಿ ಹಾಳೆ ಉಳಿದಿರುತ್ತದೆ. ಲ್ಯಾಮಿನೇಶನ್ ಮಾಡಿಸಬೇಡಿ, ಬಿಸಿಗೆ ಚೀಟಿ ಪೂರ್ತಿ ಕಪ್ಪಾಗುತ್ತದೆ.

ನಕ್ಷೆ ಪರವಾನಗಿ

ನಿಮ್ಮ ತಮ್ಮನಿಗೆ: ನವನಗರ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಭಾಗದವರಿಗೆ ಕಟ್ಟಿದ ಊರು, ಅಲ್ಲಿನ ನಿವೇಶನ ಕಡತ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ್ದು. ಅರ್ಜಿ ಬಿಟಿಡಿಎಗೆ ಹಾಕಲಿ, ಸಿಟಿಎಸ್ ಬದಲು ಸೆಕ್ಟರ್ ಮತ್ತು ನಿವೇಶನ ಸಂಖ್ಯೆ ಬರೆಯಲಿ. ಉಳಿದದ್ದೆಲ್ಲ ಇಲ್ಲಿ ಹೇಳಿದ ಹಾಗೇ.