ಸಹಾಯ ಬೇಕು: ಸೈನಸ್ ಲಿಫ್ಟ್ ಆದ ಜಾಗದಾಗ ಹಲ್ಲಿನ ಇಂಪ್ಲಾಂಟ್ ಗಟ್ಟಿ ಆಗವಲ್ದು

ಕಲಬುರಗಿ ಪೇಷಂಟ್, 52 ವರ್ಷ. ಮ್ಯಾಲಿನ ಮೊದಲ ದವಡೆ ಹಲ್ಲಿನ ಜಾಗದಾಗ ಎಲುಬು ಬರೇ 3 ಮಿ.ಮೀ. ಇತ್ತು. ಎಲುಬಿಗೆ ಪಕ್ಕದಾಗ ಕಿಟಕಿ ಕೊರೆದು ಸೈನಸ್ ಲಿಫ್ಟ್ (ಮೂಗಿನ ಪಕ್ಕದ ಗಾಳಿಗೂಡಿನ ಪೊರೆ ಮ್ಯಾಲೆತ್ತಿ ಗ್ರಾಫ್ಟ್ ತುಂಬೋದು), ಬೋವೈನ್ ಗ್ರಾಫ್ಟ್ (ದನದ ಎಲುಬಿನ ಕಾಳು), ಮ್ಯಾಲ ಕೊಲಾಜೆನ್ ಪದರ. ಸೈನಸ್ ಪೊರೆ ಹರಿದಿಲ್ಲ. 6 ತಿಂಗಳಿಗೆ ಸಿಬಿಸಿಟಿಯಾಗ (3ಡಿ ಎಕ್ಸ್‌ರೇ ಸ್ಕ್ಯಾನ್) 11 ಮಿ.ಮೀ. ಎತ್ತರ. ಆದ್ರ ಗ್ರಾಫ್ಟ್ ಕಾಳೂ ಬೆಳ್ಳಗೇ ಕಾಣತಾವ, ಎತ್ತರ ಅದ ಅಂದ್ರ ಜೀವಂತ ಎಲುಬು ಅದ ಅಂತಲ್ಲ. ಬಿಗಿ ಬರಲಿ ಅಂತ ಕೊನೇ ಡ್ರಿಲ್ ಬಿಟ್ಟು 4.3 × 10 ಮಿ.ಮೀ. ಇಂಪ್ಲಾಂಟ್ ಕೂಡಿಸಿದ್ರೂ ಟಾರ್ಕ್ (ತಿರುಗಿಸಿ ಕೂಡಿಸುವಾಗಿನ ಬಿಗಿ) 15 ಎನ್‌ಸಿಎಂ ದಾಟಲಿಲ್ಲ. ಕವರ್ ಸ್ಕ್ರೂ ಹಾಕಿ ಒಸಡು ಮುಚ್ಚೀವಿ.

4 ತಿಂಗಳಿಗೆ ತೆರೆದ್ರ ಐಎಸ್‌ಕ್ಯೂ (ಇಂಪ್ಲಾಂಟ್ ಎಷ್ಟು ಗಟ್ಟಿ ಅಂತ 1ರಿಂದ 100ರ ಅಳತಿ) 54. ಅಲುಗಾಡಂಗಿಲ್ಲ, ಕೀವಿಲ್ಲ, ಎಕ್ಸ್‌ರೇದಾಗ ಸುತ್ತ ಕಪ್ಪು ಗೆರಿ ಇಲ್ಲ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರಿ) 7.6. ಗುಟ್ಕಾ ಬಿಟ್ಟೀನಿ ಅಂತಾರ, ಬಾಯಿ ನೋಡಿದ್ರ ನಂಬಿಕಿ ಬರಂಗಿಲ್ಲ.

ಇನ್ನೂ 3 ತಿಂಗಳು ಕಾಯೋದೋ, ಕಚ್ಚಿಗೆ ತಾಗದ ತಾತ್ಕಾಲಿಕ ಕ್ಯಾಪ್ ಹಾಕಿ ನಿಧಾನ ಲೋಡ್ (ಕಚ್ಚೋ ಭಾರ) ಕೊಡೋದೋ, ತೆಗೆದು ಮತ್ತ ಗ್ರಾಫ್ಟ್ ಮಾಡೋದೋ? ಐಎಸ್‌ಕ್ಯೂ ಎಷ್ಟಾದ್ರ ನೀವು ಲೋಡ್ ಮಾಡ್ತೀರಿ?